ಜೈಸಲ್ಮೇರ್ ಹೋಟೆಲ್ ಕೊಠಡಿಯ ಚಳಿ: ಪ್ರತಿಕ್ರಿಯೆ

ರಾಜಸ್ಥಾನದ ಮರುಭೂಮಿ ನಗರ ಜೈಸಲ್ಮೇರಿನ ಹೋಟೆಲಿನಲ್ಲಿ ಏಸಿಯನ್ನು 30 ಡಿಗ್ರಿಗೆ ಇಟ್ಟರೂ ಕೊಠಡಿ ಬೆಚ್ಚಗಾಗುತ್ತಿಲ್ಲ, ಚಳಿಯಿಂದ ತಾಯಿಗೆ ನಿದ್ರೆ ಬರುತ್ತಿಲ್ಲ, ಏನು ಮಾಡಲಿ ಎಂದು ಕೇಳಿದ್ದೀರಿ. ನಿಮ್ಮ ಕೊಠಡಿಯ ಏಸಿ ಬಹುಶಃ ತಂಪು ಮಾಡುವ ಬಗೆಯದು ಮಾತ್ರ. ಹಾಗಿದ್ದರೆ ಅದನ್ನು ನೀವು ಹೇಳಿದಂತೆ 30 ಡಿಗ್ರಿಗೆ ಇಟ್ಟರೂ ಬಿಸಿಗಾಳಿ ಬರುವುದಿಲ್ಲ. ಮರುಭೂಮಿಯ ಒಣಹವೆಯಲ್ಲಿ, ಮೋಡವಿಲ್ಲದ ಆಕಾಶದ ಕೆಳಗೆ, ಹಗಲಿನ ಶಾಖ ಬೇಗನೆ ಹೊರಟುಹೋಗುವುದರಿಂದ ಡಿಸೆಂಬರ್ ರಾತ್ರಿಗಳಲ್ಲಿ ಅಲ್ಲಿನ ಉಷ್ಣಾಂಶ 10 ಡಿಗ್ರಿಗಿಂತ ಕೆಳಗಿಳಿಯುವುದುಂಟು. ತುಮಕೂರಿನ ಹವೆಗೆ ಒಗ್ಗಿದ ನಿಮ್ಮ ತಾಯಿಯವರಿಗೆ ನಿದ್ರೆ ಬಾರದಿರುವುದು ಸಹಜವೇ.

ಮೊದಲು ರಿಮೋಟಿನಲ್ಲಿ ಬಿಸಿಗಾಳಿಗಾಗಿ ಸೂರ್ಯನ ಚಿಹ್ನೆಯಿರುವ ಆಯ್ಕೆ ಇದೆಯೇ ನೋಡಿ. ಇಲ್ಲದಿದ್ದರೆ ಸ್ವಾಗತ ಕೌಂಟರಿನಲ್ಲಿ ಎಣ್ಣೆ ತುಂಬಿದ ರೂಮ್ ಹೀಟರ್ ಮತ್ತು ಎರಡು ಹೆಚ್ಚುವರಿ ರಜಾಯಿ ಕೇಳಿ. ಸಂಜೆಯೊಳಗೇ ಕೇಳುವುದು ಒಳ್ಳೆಯದು, ಏಕೆಂದರೆ ಮಧ್ಯಮ ದರ್ಜೆಯ ಹೋಟೆಲುಗಳಲ್ಲಿ ಹೀಟರುಗಳು ಎಲ್ಲ ಕೊಠಡಿಗಳಿಗೂ ಸಾಲುವಷ್ಟು ಇರುವುದು ಕಡಿಮೆ, ಹೀಟರಿಗೆ ಬಾಡಿಗೆ ಪ್ರತ್ಯೇಕವೇ ಎಂಬುದನ್ನೂ ಆಗಲೇ ವಿಚಾರಿಸಿಕೊಳ್ಳಿ. ಹೀಟರ್ ಸಿಗದಿದ್ದರೆ ಮೇಲ್ಛಾವಣಿಯ ಕೆಳಗಿನ ಕೊಠಡಿ ಬಿಟ್ಟು, ನಡುವಿನ ಮಹಡಿಯಲ್ಲಿ ಪಶ್ಚಿಮಕ್ಕೆ ಕಿಟಕಿಯಿರುವ ಕೊಠಡಿಗೆ ಬದಲಾಯಿಸಿಕೊಡುವಂತೆ ಕೋರಿ. ಸಂಜೆಯ ಬಿಸಿಲುಂಡ ಕಲ್ಲಿನ ಗೋಡೆ ಸ್ವಲ್ಪ ಹೊತ್ತಾದರೂ ಬೆಚ್ಚಗಿರುತ್ತದೆ. ಝರೋಕಾ, ಅಂದರೆ ಗೋಡೆಯಿಂದ ಹೊರಚಾಚಿದ ಕೆತ್ತನೆಯ ಕಿಟಕಿ ಇದ್ದರೆ, ಅದರ ಸಂದುಗಳಿಗೆ ಟವೆಲ್ ತುರುಕಿ.

ಯಾರಾದರೂ ಕೆಂಡದ ಅಗ್ಗಿಷ್ಟಿಕೆ ತಂದುಕೊಟ್ಟರೆ ದಯವಿಟ್ಟು ಒಳಗಿಡಬೇಡಿ. ಮುಚ್ಚಿದ ಕೊಠಡಿಯಲ್ಲಿ ಅದರಿಂದ ಹೊರಡುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ, ಅದು ಪ್ರಾಣಾಪಾಯ ತರುತ್ತದೆ.