ತಡಿಯಂಡಮೋಳ್ ಬೆಟ್ಟವನ್ನೂ ನಾಗರಹೊಳೆ ರಾಷ್ಟ್ರೀಯ ಉದ್ಯಾನವನ್ನೂ ಎರಡೇ ದಿನಗಳಲ್ಲಿ ನೋಡಲು ಯಾವ ತಿಂಗಳು ಸೂಕ್ತ?

ನವೆಂಬರ್ ಕೊನೆಯಿಂದ ಜನವರಿಯವರೆಗಿನ ಅವಧಿ ಸೂಕ್ತ. ಮೊದಲ ದಿನವನ್ನು ಬೆಟ್ಟಕ್ಕೂ ಮರುದಿನವನ್ನು ಕಾಡಿಗೂ ಮೀಸಲಿಡಿ. ಅರಬ್ಬೀ ಸಮುದ್ರದಿಂದ ಬರುವ ಮುಂಗಾರು ಗಾಳಿಯು ಪಶ್ಚಿಮ ಘಟ್ಟಕ್ಕೆ ತಾಗಿ ಮೇಲೇರುವಾಗ ತಣಿದು, ತಾನು ಹೊತ್ತ ನೀರಿನ ಬಹುಪಾಲನ್ನು ಕೊಡಗಿನ ಪಶ್ಚಿಮ ಅಂಚಿನಲ್ಲಿಯೇ ಸುರಿಸುವುದರಿಂದ, 1,748 ಮೀಟರ್ ಎತ್ತರದ ತಡಿಯಂಡಮೋಳ್‌ನ ದಾರಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಜಾರುತ್ತದೆ, ಜಿಗಣೆಗಳು ಕಾಲುಚೀಲದ ನೇಯ್ಗೆಯ ಸಂದಿಯಿಂದಲೂ ನುಸುಳುತ್ತವೆ, ತುದಿ ತಲುಪಿದರೂ ಮಂಜಿನ ಹೊರತು ಏನೂ ಕಾಣದು. ಪೂರ್ವದಲ್ಲಿರುವ ನಾಗರಹೊಳೆಗೆ ಅದಕ್ಕಿಂತ ಬಹಳ ಕಡಿಮೆ ಮಳೆ. ಆನೆ, ಕಾಟಿಗಳನ್ನು ನೋಡುವುದೇ ನಿಮ್ಮ ಮುಖ್ಯ ಆಸೆಯಾದರೆ, ನೀರು ಬತ್ತಿ ಪ್ರಾಣಿಗಳು ಕೆರೆಯಂಚಿಗೆ ಬರುವ ಮಾರ್ಚ್, ಏಪ್ರಿಲ್ ಇನ್ನೂ ಉತ್ತಮ. ಆದರೆ ಕಾಳ್ಗಿಚ್ಚಿನ ಭಯದಿಂದ ಆಗ ಚಾರಣವನ್ನು ನಿಲ್ಲಿಸುವುದುಂಟು, ಆದ್ದರಿಂದ ಅರಣ್ಯ ಇಲಾಖೆಯಲ್ಲಿ ವಿಚಾರಿಸಿಯೇ ಹೊರಡಿ.