ಆರೋಗ್ಯ ಪ್ರಶ್ನೋತ್ತರ: ಕಾಲಿನ ಗಂಟಿನೊಳಗೆ ಕಪ್ಪು ಶಿಲೀಂಧ್ರ

ಪ್ರಶ್ನೆ: ನಮ್ಮ ತಂದೆಯವರಿಗೆ 58 ವರ್ಷ. 4 ವರ್ಷಗಳ ಹಿಂದೆ ಮೂತ್ರಪಿಂಡದ ಕಸಿ ಆಗಿದ್ದು, ಟ್ಯಾಕ್ರೋಲಿಮಸ್, ಮೈಕೊಫಿನೊಲೇಟ್ ಮತ್ತು ಪ್ರೆಡ್ನಿಸೊಲೋನ್ ಮಾತ್ರೆಗಳನ್ನು ತೆಗೆದುಕೊಳ್ಳುತ್ತಿದ್ದಾರೆ. ಆರೇಳು ತಿಂಗಳಿಂದ ಬಲಪಾದದ ಮೇಲೆ ಅಡಿಕೆಯಷ್ಟು ದೊಡ್ಡ ಗಂಟೊಂದಿತ್ತು. ನೋವಿಲ್ಲದ ಕಾರಣ ಕೊಬ್ಬಿನ ಗಂಟೆಂದು ಸುಮ್ಮನಿದ್ದೆವು. ಈಗ ಸೂಜಿಯಿಂದ ತೆಗೆದ ಕೀವಿನಲ್ಲಿ ಕಪ್ಪು ಬಣ್ಣದ ಫಂಗಸ್ ಇದೆಯೆಂದು ವರದಿ ಬಂದಿದೆ. ಕೋವಿಡ್ ಕಾಲದ ಬ್ಲ್ಯಾಕ್ ಫಂಗಸ್ ಇದೇ ಏನು? ಕಾಲು ತೆಗೆಯಬೇಕಾದೀತೇ? ಮನೆಯಲ್ಲಿರುವ ಮಕ್ಕಳಿಗೆ ಅಂಟುತ್ತದೆಯೇ?
– ಓದುಗರು, ಸಿರಸಿ ತಾಲ್ಲೂಕು

ಉತ್ತರ: ಮಕ್ಕಳ ಬಗ್ಗೆ ಮೊದಲು ಹೇಳುತ್ತೇನೆ: ಇದು ಒಬ್ಬರಿಂದ ಒಬ್ಬರಿಗೆ ಅಂಟುವ ಕಾಯಿಲೆಯಲ್ಲ. ಕೋವಿಡ್ ಕಾಲದ ಕಾಯಿಲೆಯೂ ಅಲ್ಲ. 2021ರಲ್ಲಿ ಎಲ್ಲರ ಬಾಯಲ್ಲಿದ್ದ ಬ್ಲ್ಯಾಕ್ ಫಂಗಸ್ ಎಂದರೆ ಮ್ಯೂಕರ್‌ಮೈಕೋಸಿಸ್. ಅದನ್ನು ತರುವ ಶಿಲೀಂಧ್ರ ಕಪ್ಪಗಿಲ್ಲ. ಅದು ರಕ್ತನಾಳಗಳೊಳಗೆ ನುಗ್ಗಿ ರಕ್ತಸಂಚಾರವನ್ನು ಕಟ್ಟಿಹಾಕುವುದರಿಂದ ಸತ್ತುಹೋದ ಅಂಗಾಂಶ ಕಪ್ಪಾಗುತ್ತಿತ್ತು. ಹೆಸರು ಮಾತ್ರ ಶಿಲೀಂಧ್ರದ ತಲೆಗೆ ಬಂತು. ನಿಮ್ಮ ತಂದೆಯವರ ಗಂಟಿನಲ್ಲಿ ಸಿಕ್ಕಿರುವುದು ಹುಟ್ಟಾ ಕಪ್ಪು. ನಮ್ಮ ಕೂದಲಿಗೆ, ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ವರ್ಗದ ವಸ್ತುವೇ ಅದರ ಕೋಶಭಿತ್ತಿಯಲ್ಲಿದೆ. ಬಿಳಿ ರಕ್ತಕಣಗಳು ಶಿಲೀಂಧ್ರವನ್ನು ಕೊಲ್ಲಲು ಹೊರಬಿಡುವ ರಾಸಾಯನಿಕಗಳ ಏಟನ್ನು ಅದು ತಡೆದುಕೊಳ್ಳುತ್ತದೆ. ಈ ಸೋಂಕಿಗೆ ಫಿಯೋಹೈಫೊಮೈಕೋಸಿಸ್ ಎಂಬ ನಾಲಿಗೆ ಹೊರಳದ ಹೆಸರು 1974ರಲ್ಲಿ ಬಂತು. ಎಕ್ಸೋಫಿಯಾಲಾ, ಆಲ್ಟರ್ನೇರಿಯಾ, ಕರ್ವುಲೇರಿಯಾ ಮುಂತಾದ ಅನೇಕ ಶಿಲೀಂಧ್ರಗಳು ಇದನ್ನು ಉಂಟುಮಾಡುತ್ತವೆ.

ಇವೆಲ್ಲ ಮಣ್ಣಿನಲ್ಲಿ, ಕೊಳೆಯುವ ಎಲೆ-ಕಟ್ಟಿಗೆಗಳಲ್ಲಿ ವಾಸಿಸುವಂಥವು. ಸೊಪ್ಪಿನ ಬೆಟ್ಟದಲ್ಲಿ ದರಕು (ಉದುರಿದ ಒಣ ಎಲೆ) ಗುಡಿಸುವಾಗಲೋ ತೋಟದಲ್ಲಿ ಸೋಗೆ ಎಳೆಯುವಾಗಲೋ ಕಾಲಿಗೆ ಚುಚ್ಚಿದ ಮುಳ್ಳಿನೊಂದಿಗೆ ಒಳಗೆ ಸೇರಿರಬಹುದು. ನಿಮ್ಮ ತಂದೆಯವರನ್ನು ಕೇಳಿದರೆ ಮುಳ್ಳು ಚುಚ್ಚಿದ ನೆನಪೇ ಇಲ್ಲ ಎನ್ನಬಹುದು, ಏಕೆಂದರೆ ಗಂಟು ಕಾಣಿಸಿಕೊಳ್ಳುವುದು ತಿಂಗಳುಗಳು ಕಳೆದ ಮೇಲೆ, ಕೆಲವೊಮ್ಮೆ ಅದಕ್ಕೂ ತಡವಾಗಿ. ಇಂಥ ಗಂಟನ್ನು ಕೊಯ್ದು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ, ಕೀವಿನ ನಡುವೆ ಕೂದಲೆಳೆಯಷ್ಟು ಸಣ್ಣ ಸಿಬಿರು ಇನ್ನೂ ಹಾಗೆಯೇ ಕುಳಿತಿರುವುದುಂಟು. ಆರೋಗ್ಯವಂತರ ದೇಹ ಇಂಥ ಮುಳ್ಳಿನ ಗಾಯವನ್ನು ಸಾಮಾನ್ಯವಾಗಿ ತಾನೇ ನಿಭಾಯಿಸುತ್ತದೆ. ಕಸಿ ಮಾಡಿದ ಮೂತ್ರಪಿಂಡವನ್ನು ದೇಹ ತಿರಸ್ಕರಿಸದಿರಲೆಂದು ಟ್ಯಾಕ್ರೋಲಿಮಸ್‌ನಂಥ ಮಾತ್ರೆಗಳಿಂದ ರೋಗನಿರೋಧಕ ಶಕ್ತಿಯನ್ನು ಬೇಕೆಂದೇ ತಗ್ಗಿಸಿರುವವರಲ್ಲಿ ಅದು ಒಳಗೇ ಬೆಳೆಯುತ್ತದೆ. ನೋವು, ಜ್ವರ ಯಾವುದೂ ಕಾಣಿಸದಿರಬಹುದು.

ಕಾಲು ತೆಗೆಯುವ ಮಾತಂತೂ ಸಾಮಾನ್ಯವಾಗಿ ಬರುವುದಿಲ್ಲ. ಒಂದೇ ಕಡೆ, ತನ್ನದೇ ಚೀಲದೊಳಗೆ ಇರುವ ಗಂಟನ್ನು ಚೀಲಸಮೇತ ಪೂರ್ತಿಯಾಗಿ ತೆಗೆಯುವುದೇ ಮುಖ್ಯ ಚಿಕಿತ್ಸೆ. ಕೀವನ್ನು ಸೂಜಿಯಿಂದ ಎಳೆದು ಬಿಟ್ಟರೆ ಅದು ಮತ್ತೆ ತುಂಬಿಕೊಳ್ಳುತ್ತದೆ. ಶಸ್ತ್ರಚಿಕಿತ್ಸೆಯ ದಿನ ನೀವೇ ಒಂದು ಮಾತು ಕೇಳಿ: ತೆಗೆದ ಗಂಟಿನ ಒಂದು ಭಾಗವನ್ನು ಫಾರ್ಮಲಿನ್‌ನಲ್ಲಿಯೂ (ಅಂಗಾಂಶ ಕೆಡದಂತೆ ಇಡುವ ದ್ರಾವಣ) ಇನ್ನೊಂದು ಭಾಗವನ್ನು ಸಲೈನ್‌ನಲ್ಲಿಯೂ ಕಳಿಸುತ್ತೀರಾ ಎಂದು. ಫಾರ್ಮಲಿನ್‌ನಲ್ಲಿ ಶಿಲೀಂಧ್ರ ಸಾಯುತ್ತದೆ, ಆ ತುಣುಕಿನಿಂದ ಕಲ್ಚರ್, ಅಂದರೆ ಪ್ರಯೋಗಾಲಯದಲ್ಲಿ ಶಿಲೀಂಧ್ರವನ್ನು ಬೆಳೆಸಿ ನೋಡುವ ಪರೀಕ್ಷೆ, ಸಾಧ್ಯವಿಲ್ಲ. ಕಲ್ಚರ್ ಇಲ್ಲದೆ ಇಂಥದೇ ಶಿಲೀಂಧ್ರ ಎಂದು ಗುರುತಿಸುವುದು ಬಹಳ ಕಷ್ಟ. ಇಡೀ ಗಂಟು ಫಾರ್ಮಲಿನ್ ಬಾಟಲಿಯೊಳಗೆ ಹೋಗಿರುವುದನ್ನು ನಾನು ಎಷ್ಟೋ ಸಲ ಕಂಡು ಹಣೆ ಚಚ್ಚಿಕೊಂಡಿದ್ದೇನೆ. ವರದಿಗೆ 4 ವಾರಗಳವರೆಗೂ ಕಾಯಬೇಕಾಗಬಹುದು. ಕಲ್ಚರ್ ತಟ್ಟೆಯ ಮೇಲೆ ಮಖಮಲ್ಲಿನಂಥ ಹಸಿರುಗಪ್ಪು ಬೂಷ್ಟು ಹರಡುತ್ತದೆ. ತಟ್ಟೆಯನ್ನು ಮಗುಚಿ ನೋಡಿದರೆ ಅಡಿಭಾಗವೂ ಕಪ್ಪಾಗಿರುತ್ತದೆ.

ನನಗೆ ಹೆಚ್ಚು ಆತಂಕವಿರುವುದು ಗಂಟಿನ ಬಗ್ಗೆ ಅಲ್ಲ, ಅದರ ಔಷಧದ ಬಗ್ಗೆ. ಶಸ್ತ್ರಚಿಕಿತ್ಸೆಯ ಜೊತೆಗೆ ಇಟ್ರಕೊನಜೋಲ್ ಅಥವಾ ವೊರಿಕೊನಜೋಲ್ ಎಂಬ ಫಂಗಸ್ ಮಾತ್ರೆಯನ್ನು ಹಲವು ತಿಂಗಳು ಕೊಡುವುದು ವಾಡಿಕೆ. ಇವೆರಡೂ ಟ್ಯಾಕ್ರೋಲಿಮಸ್ ಅನ್ನು ಕರಗಿಸುವ ಯಕೃತ್ತಿನ ಕಿಣ್ವವನ್ನು ಅಡ್ಡಗಟ್ಟುವುದರಿಂದ, ಹಳೆಯ ಪ್ರಮಾಣದಲ್ಲೇ ಟ್ಯಾಕ್ರೋಲಿಮಸ್ ನುಂಗುತ್ತ ಹೋದರೆ ಅದರ ಮಟ್ಟ ರಕ್ತದಲ್ಲಿ ಏರಿ, ಕಾಪಾಡಬೇಕಾದ ಮೂತ್ರಪಿಂಡಕ್ಕೇ ವಿಷವಾದೀತು. ಗಂಟು ಹೋಯಿತೆಂದು ಫಂಗಸ್ ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸಿದರೆ ಟ್ಯಾಕ್ರೋಲಿಮಸ್ ಮಟ್ಟ ಕುಸಿದು ಕಸಿಯೇ ತಿರಸ್ಕೃತವಾಗುವ ಅಪಾಯವಿದೆ. ಆದ್ದರಿಂದ ಮಾತ್ರೆ ಶುರುಮಾಡುವಾಗಲೂ ನಿಲ್ಲಿಸುವಾಗಲೂ ರಕ್ತದಲ್ಲಿ ಟ್ಯಾಕ್ರೋಲಿಮಸ್ ಮಟ್ಟದ ಪರೀಕ್ಷೆ ಆಗಲೇಬೇಕು. ಬೇರೆ ವೈದ್ಯರು ಬರೆದ ಚೀಟಿಯನ್ನು ಮೂತ್ರಪಿಂಡ ತಜ್ಞರಿಗೆ ತೋರಿಸದೆ ಔಷಧದಂಗಡಿಗೆ ಹೋಗಬೇಡಿ. ಇಟ್ರಕೊನಜೋಲ್ ಕ್ಯಾಪ್ಸೂಲನ್ನು ಊಟದ ಜೊತೆಗೆ ತೆಗೆದುಕೊಳ್ಳಬೇಕು. ಹೊಟ್ಟೆಯ ಆಮ್ಲ ಕಡಿಮೆ ಮಾಡುವ ಪ್ಯಾಂಟೊಪ್ರಜೋಲ್‌ನಂಥ ಮಾತ್ರೆ ಜೊತೆಗಿದ್ದರೆ ಅದು ಸರಿಯಾಗಿ ಹೀರಲ್ಪಡುವುದಿಲ್ಲ ಎಂಬುದನ್ನೂ ವೈದ್ಯರ ಗಮನಕ್ಕೆ ತನ್ನಿ.

ಬಹುಮಟ್ಟಿಗೆ ಈ ಗಂಟು ಇದ್ದಲ್ಲೇ ಇರುತ್ತದೆ. ಆದರೂ ಬಿಡದ ತಲೆನೋವು, ಫಿಟ್ಸ್, ಒಂದು ಕಡೆಯ ಕೈಕಾಲಿನಲ್ಲಿ ಶಕ್ತಿ ಕುಂದಿದಂತೆ ಕಂಡರೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ, ಏಕೆಂದರೆ ಈ ಕಪ್ಪು ಶಿಲೀಂಧ್ರಗಳಲ್ಲಿ ಕೆಲವು ಮಿದುಳಿನಲ್ಲಿ ಕೀವುಗಟ್ಟಿಸುವಂಥವು. ತೋಟಕ್ಕೆ ಹೋಗುವುದನ್ನೇ ಬಿಡಿಸಬೇಕಾಗಿಲ್ಲ. ಬರಿಗಾಲಿನಲ್ಲಿ ಹೋಗುವುದನ್ನು ಬಿಡಿಸಿ. ಗಮ್‌ಬೂಟು ಬೇಡವೆಂದು ಅವರು ಮುಖ ತಿರುಗಿಸಿದರೆ ಗೊಬ್ಬರಗುಂಡಿಯ ಕೆಲಸವನ್ನಾದರೂ ನೀವು ವಹಿಸಿಕೊಳ್ಳಿ.

ಪ್ರಶ್ನೆ: ಅಕ್ಕನಿಗೆ ರಕ್ತದ ಕ್ಯಾನ್ಸರ್‌ಗೆ ಕೀಮೋ ನಡೆಯುತ್ತಿದೆ. ನಮ್ಮ ಬಚ್ಚಲಿನ ಗೋಡೆಯಲ್ಲಿ ಕಪ್ಪು ಬೂಷ್ಟು ಕಟ್ಟಿದೆ. ಅಪಾಯವೇ?
– ಓದುಗರು, ಮಂಗಳೂರು

ಉತ್ತರ: ಬಿಳಿ ರಕ್ತಕಣಗಳು ಇಳಿದಿರುವ ದಿನಗಳಲ್ಲಿ ಬೂಷ್ಟಿನಿಂದ ಅವರು ದೂರವಿರುವುದೇ ಒಳ್ಳೆಯದು. ಅವರು ಮನೆಯಲ್ಲಿಲ್ಲದ ಹೊತ್ತಿನಲ್ಲಿ ಬೇರೆಯವರು ಸಾಬೂನು ನೀರಿನಿಂದ ಗೋಡೆಯನ್ನು ತೋಯಿಸಿ ಉಜ್ಜಲಿ. ಒಣ ಬ್ರಷ್‌ನಿಂದ ಕೆರೆದರೆ ಬೀಜಕಗಳು ಗಾಳಿಗೆ ಏಳುತ್ತವೆ. ನೀರು ಜಿನುಗುವ ಪೈಪನ್ನು ರಿಪೇರಿ ಮಾಡಿಸದಿದ್ದರೆ ಅದು ಮತ್ತೆ ಬರುತ್ತದೆ. ಅಕ್ಕನಿಗೆ ಜ್ವರ ಬಂದರೆ ಗೋಡೆಯ ಚಿಂತೆ ಬಿಟ್ಟು, ರಾತ್ರಿಯಾಗಿದ್ದರೂ ಸರಿ, ಕೀಮೋ ಕೊಡುತ್ತಿರುವ ಆಸ್ಪತ್ರೆಗೆ ಕೂಡಲೇ ಹೋಗಿ.