ಗ್ರೀನ್ ಡ್ರ್ಯಾಗನ್ನಿನ ಗುಟ್ಟು: ಬಾಸ್ಟನ್ನಿನ ಮೊದಲ ಫ್ರೀಮೇಸನ್ನರು

ಪ್ರಶ್ನೆ: ಬಾಸ್ಟನ್ನಿನಲ್ಲಿರುವ ಮಗಳ ಮನೆಗೆ ಹೋಗಿದ್ದಾಗ ಊರು ತೋರಿಸಿದ ಮಾರ್ಗದರ್ಶಕರು, 1773ರಲ್ಲಿ ಬ್ರಿಟಿಷರ ಚಹಾ ತೆರಿಗೆಯನ್ನು ವಿರೋಧಿಸಿ ಚಹಾದ ಪೆಟ್ಟಿಗೆಗಳನ್ನು ಕಡಲಿಗೆ ಎಸೆದದ್ದು ಫ್ರೀಮೇಸನ್ನರ ಸಂಚು, ಅದು ‘ಗ್ರೀನ್ ಡ್ರ್ಯಾಗನ್’ ಎಂಬ ಪಾನಗೃಹದಲ್ಲಿ ಗುಟ್ಟಾಗಿ ಸಿದ್ಧವಾಯಿತು ಎಂದರು. ಇದು ನಿಜವೇ? ಈ ಸಂಘ ಆ ಊರಿಗೆ ಬಂದದ್ದು ಹೇಗೆ? ಕಪ್ಪು ಜನರಿಗೂ ಅದರಲ್ಲಿ ಪ್ರವೇಶವಿತ್ತೆಂದು ಓದಿದ ನೆನಪಿದೆ. ದಯವಿಟ್ಟು ವಿವರಿಸಿ.
— ನಿವೃತ್ತ ಶಿಕ್ಷಕರು, ಶಿವಮೊಗ್ಗ

ಉತ್ತರ: ಆ ಪಾನಗೃಹ ಇದ್ದದ್ದು ನಿಜ. ಅದನ್ನು ಮೇಸನ್ನರ (ಫ್ರೀಮೇಸನ್ ಎಂಬ ಸಹೋದರ ಸಂಘದವರ) ಒಂದು ಲಾಡ್ಜ್, ಅಂದರೆ ಸ್ಥಳೀಯ ಶಾಖೆ, ಕೊಂಡುಕೊಂಡಿದ್ದದ್ದೂ ನಿಜ. ಚಹಾ ಎಸೆದವರಲ್ಲಿ ಆ ಲಾಡ್ಜ್‌ನ ಕೆಲವು ಸದಸ್ಯರಿದ್ದದ್ದೂ ನಿಜ. ಆದರೆ ಈ ಮೂರನ್ನು ಒಟ್ಟುಗೂಡಿಸಿ ‘ಮೇಸನ್ನರ ಸಂಚು’ ಎಂಬ ತೀರ್ಮಾನಕ್ಕೆ ಬರುವುದನ್ನು ನಾನು ಒಪ್ಪಲಾರೆ. ಅಂದಿನ ಬಾಸ್ಟನ್ನಿನ ಮೇಸನ್ನರು ಒಂದೇ ಮನಸ್ಸಿನ ಗುಂಪಾಗಿರಲಿಲ್ಲ. ನಿಜವಾದ ಮೇಸನ್ ಯಾರು, ಹೊಸಬರಿಗೆ ದೀಕ್ಷೆ ಕೊಡುವ ಅಧಿಕಾರದ ಸನ್ನದು ಯಾರ ಕೈಯಲ್ಲಿದೆ ಎಂಬ ಪ್ರಶ್ನೆಯ ಸುತ್ತ ಅವರು ದಶಕಗಳ ಕಾಲ ತಮ್ಮತಮ್ಮಲ್ಲೇ ಜಗಳವಾಡಿದವರು. ಆ ಸನ್ನದಿನ ಕಥೆ ತಿಳಿಯದೆ ಚಹಾದ ಕಥೆ ಅರ್ಥವಾಗುವುದಿಲ್ಲ.

ಮಧ್ಯಯುಗದ ಕಲ್ಲುಕುಟಿಗರ ಸಂಘಗಳ ಹೆಸರು, ಉಪಕರಣ, ಸಂಕೇತಗಳನ್ನು ಎರವಲು ಪಡೆದು ಬೆಳೆದ ಈ ಸಹೋದರ ಸಂಘಕ್ಕೆ ಲಂಡನ್ನಿನಲ್ಲಿ ಗ್ರ್ಯಾಂಡ್ ಲಾಡ್ಜ್ ಎಂಬ ಕೇಂದ್ರ ಸಂಸ್ಥೆ ಸ್ಥಾಪನೆಯಾದದ್ದು 1717ರಲ್ಲಿ ಎಂಬುದು ಪರಂಪರೆಯ ಲೆಕ್ಕ. 1723ರಲ್ಲಿ ಅದರ ನಿಯಮಗ್ರಂಥ ಅಚ್ಚಾಯಿತು. ಲಾಡ್ಜ್‌ನ ಒಳಗೆ ಮತಧರ್ಮದ ಜಗಳವಾಗಲಿ ರಾಜಕೀಯದ ಜಗಳವಾಗಲಿ ಕೂಡದೆಂಬುದು ಅದರ ಮುಖ್ಯ ಕಟ್ಟಳೆಗಳಲ್ಲಿ ಒಂದು. ಇದನ್ನು ನೆನಪಿನಲ್ಲಿಡಬೇಕು.

ಬಾಸ್ಟನ್ನಿಗೆ ಅಧಿಕೃತ ಸನ್ನದನ್ನು ತಂದವರು ಹೆನ್ರಿ ಪ್ರೈಸ್ ಎಂಬ ದರ್ಜಿ. ಲಂಡನ್ನಿನ ಗ್ರ್ಯಾಂಡ್ ಮಾಸ್ಟರ್, ಅಂದರೆ ಗ್ರ್ಯಾಂಡ್ ಲಾಡ್ಜ್‌ನ ಮುಖ್ಯಸ್ಥ, ಆಗಿದ್ದ ಮಾಂಟೇಗ್ಯೂ ಪ್ರಭು 1733ರ ಏಪ್ರಿಲ್‌ನಲ್ಲಿ ಅವರನ್ನು ನ್ಯೂ ಇಂಗ್ಲೆಂಡಿನ ಪ್ರಾಂತೀಯ ಗ್ರ್ಯಾಂಡ್ ಮಾಸ್ಟರ್ ಆಗಿ ನೇಮಿಸಿದರು. ಅದೇ ವರ್ಷ ಜುಲೈ 30ರಂದು ಕಿಂಗ್ ಸ್ಟ್ರೀಟಿನ ‘ಬಂಚ್ ಆಫ್ ಗ್ರೇಪ್ಸ್’ ಪಾನಗೃಹದಲ್ಲಿ ಮೊದಲ ಲಾಡ್ಜ್ ಸೇರಿತು. ಪಾನಗೃಹ ಎಂದೊಡನೆ ಕುಡುಕರ ಕೂಟವೆಂದು ಭಾವಿಸಬೇಡಿ. ಆ ಕಾಲದ ಬಾಸ್ಟನ್ನಿನಲ್ಲಿ ವ್ಯಾಪಾರದ ಮಾತುಕತೆ, ಹರಾಜು, ಸಂಘಗಳ ಸಭೆ ಎಲ್ಲಕ್ಕೂ ಬಾಡಿಗೆಗೆ ಸಿಗುತ್ತಿದ್ದ ದೊಡ್ಡ ಕೋಣೆಯೆಂದರೆ ಪಾನಗೃಹದ ಮಾಳಿಗೆಯೇ.

ಈ ಸನ್ನದಿಗೆ ಎಷ್ಟು ಬೆಲೆಯಿತ್ತೆಂಬುದಕ್ಕೆ ಒಂದು ಒಳ್ಳೆಯ ಸಾಕ್ಷಿಯಿದೆ. ಫಿಲಡೆಲ್ಫಿಯಾದಲ್ಲಿ ಪ್ರೈಸ್ ಅವರ ನೇಮಕಕ್ಕೂ ಮುಂಚಿನಿಂದಲೇ ಲಾಡ್ಜ್ ನಡೆಯುತ್ತಿತ್ತು. 1734ರಲ್ಲಿ ಅಲ್ಲಿನ ಗ್ರ್ಯಾಂಡ್ ಮಾಸ್ಟರ್ ಆಗಿದ್ದವರು ಬೆಂಜಮಿನ್ ಫ್ರಾಂಕ್ಲಿನ್. 1723ರ ನಿಯಮಗ್ರಂಥವನ್ನು ಅಮೆರಿಕದಲ್ಲಿ ಮರುಮುದ್ರಿಸಿದವರೂ ಅವರೇ. ಆದರೂ ಆ ವರ್ಷದ ನವೆಂಬರ್ 28ರಂದು ಅವರು ಬಾಸ್ಟನ್ನಿಗೆ ಪತ್ರ ಬರೆದು, ಕಟ್ಟುಪಾಡಿಗೆ ಒಳಪಡದ ಮೇಸನ್ನರು ತಮ್ಮ ಊರಿನಲ್ಲಿ ಪ್ರತ್ಯೇಕ ಲಾಡ್ಜ್ ತೆರೆಯುವ ಭಯವಿರುವುದರಿಂದ ತಮಗೆ ಪ್ರೈಸ್ ಅವರಿಂದ ಅಧಿಕಾರಪತ್ರ ಬೇಕೆಂದು ಕೇಳಿದರು. ಲಂಡನ್ನಿನ ಮೊಹರಿನ ಬೆಂಬಲವಿಲ್ಲದೆ ಫ್ರಾಂಕ್ಲಿನ್ ಅವರಂಥವರಿಗೂ ತಮ್ಮ ಲಾಡ್ಜ್ ಭದ್ರವೆನಿಸಲಿಲ್ಲ.

ಮುಂದಿನ ಇಪ್ಪತ್ತು ವರ್ಷಗಳಲ್ಲಿ ಬಾಸ್ಟನ್ನಿನ ಮೇಸನ್ ಸಂಘ ವ್ಯಾಪಾರಿಗಳ, ವಕೀಲರ, ಸರ್ಕಾರಿ ಅಧಿಕಾರಿಗಳ ಕೂಟವಾಗಿ ಬೆಳೆಯಿತು. 1752ರ ಸುಮಾರಿಗೆ ಅದರ ಹೊರಗಿದ್ದ ಕುಶಲಕರ್ಮಿಗಳು, ಹಡಗಿನವರು, ಸಣ್ಣ ವ್ಯಾಪಾರಿಗಳು ತಾವೇ ಸೇರಿ ಇನ್ನೊಂದು ಲಾಡ್ಜ್ ನಡೆಸತೊಡಗಿದರು. ಸನ್ನದಿಲ್ಲದ ಇವರನ್ನು ಹಳಬರು ಮೇಸನ್ನರೆಂದೇ ಎಣಿಸಲಿಲ್ಲ. ಆಗ ಇವರು ಲಂಡನ್ನಿನತ್ತ ನೋಡದೆ ಸ್ಕಾಟ್ಲೆಂಡಿನ ಗ್ರ್ಯಾಂಡ್ ಲಾಡ್ಜ್‌ಗೆ ಅರ್ಜಿ ಹಾಕಿದರು. 1756ರ ನವೆಂಬರ್ 30ರ ದಿನಾಂಕ ಹೊತ್ತ ಸನ್ನದು ಅಟ್ಲಾಂಟಿಕ್ ದಾಟಿ ಕೈಸೇರಿದ್ದು 1760ರಲ್ಲಿ. ನವೆಂಬರ್ 30 ಸಂತ ಆಂಡ್ರ್ಯೂ ಹಬ್ಬವಾದ್ದರಿಂದ ಲಾಡ್ಜ್‌ಗೆ ಅದೇ ಹೆಸರು ಬಂತು. ಬೆಳ್ಳಿಕೆಲಸದ ಪಾಲ್ ರಿವಿಯರ್ 1760ರಲ್ಲಿ, ವೈದ್ಯ ಜೋಸೆಫ್ ವಾರೆನ್ ಮರುವರ್ಷ ಇಲ್ಲಿ ದೀಕ್ಷೆ ಪಡೆದರು. ಹಳೆಯ ಬಣವಾದ ಸೇಂಟ್ ಜಾನ್ಸ್ ಗ್ರ್ಯಾಂಡ್ ಲಾಡ್ಜ್ ಇದಕ್ಕೆ ಉತ್ತರವಾಗಿ ತನ್ನ ಸದಸ್ಯರು ಹೊಸ ಲಾಡ್ಜ್‌ಗೆ ಕಾಲಿಡಬಾರದೆಂದು ಅಪ್ಪಣೆ ಮಾಡಿತು. 1764ರಲ್ಲಿ ಸೇಂಟ್ ಆಂಡ್ರ್ಯೂಸ್ ಲಾಡ್ಜ್ ಕೊಂಡುಕೊಂಡ ಕಟ್ಟಡವೇ ನಿಮ್ಮ ಮಾರ್ಗದರ್ಶಕರು ಹೇಳಿದ ಗ್ರೀನ್ ಡ್ರ್ಯಾಗನ್.

ಸಂಚಿನ ವಾದ ಹೂಡುವವರು ಸಾಮಾನ್ಯವಾಗಿ ಬಿಟ್ಟುಬಿಡುವ ಘಟನೆಯೊಂದು ಇಲ್ಲಿ ಬರುತ್ತದೆ. 1768ರ ಅಕ್ಟೋಬರಿನಲ್ಲಿ ಬಾಸ್ಟನ್ನಿನ ಜನರನ್ನು ಹದ್ದಿನಲ್ಲಿಡಲು ಬ್ರಿಟಿಷ್ ಸೇನೆ ಬಂದಿಳಿಯಿತು. ಆ ರೆಜಿಮೆಂಟುಗಳಲ್ಲಿಯೂ ಲಾಡ್ಜ್‌ಗಳಿದ್ದವು. ಹಳೆಯ ಬಣಕ್ಕೆ ಸಮನಾಗಿ ತಮಗೂ ಒಂದು ಗ್ರ್ಯಾಂಡ್ ಲಾಡ್ಜ್ ಬೇಕೆಂದು ಹಂಬಲಿಸುತ್ತಿದ್ದ ಸೇಂಟ್ ಆಂಡ್ರ್ಯೂಸ್‌ನವರು 14, 29 ಮತ್ತು 64ನೆಯ ರೆಜಿಮೆಂಟುಗಳ ಲಾಡ್ಜ್‌ಗಳನ್ನು ಜೊತೆಗೂಡಿಸಿಕೊಂಡು ಸ್ಕಾಟ್ಲೆಂಡಿಗೆ ಮನವಿ ಕಳುಹಿಸಿದರು. ಊರನ್ನು ಆಕ್ರಮಿಸಿದ ಸೇನೆಯವರೂ ಅದನ್ನು ವಿರೋಧಿಸುತ್ತಿದ್ದ ದೇಶಭಕ್ತರೂ ಒಂದೇ ಮನವಿಯ ಹಿಂದೆ ನಿಂತರು. ಬಾಸ್ಟನ್ನಿಗೂ ಅದರ ಸುತ್ತಲಿನ 100 ಮೈಲಿಗೂ ಗ್ರ್ಯಾಂಡ್ ಮಾಸ್ಟರ್ ಎಂಬ ಅಧಿಕಾರ ವಾರೆನ್ ಅವರಿಗೆ ದೊರೆಯಿತು. 1769ರ ಡಿಸೆಂಬರ್ 27ರಂದು ಅವರು ಪೀಠವೇರಿದರು. ಎರಡು ತಿಂಗಳು ಕಳೆದು, 1770ರ ಮಾರ್ಚ್ 5ರ ರಾತ್ರಿ, ಅದೇ 29ನೆಯ ರೆಜಿಮೆಂಟಿನ ಸಿಪಾಯಿಗಳು ಕಿಂಗ್ ಸ್ಟ್ರೀಟಿನಲ್ಲಿ ಗುಂಡು ಹಾರಿಸಿದಾಗ ಐವರು ಸತ್ತರು. ಆ ಹತ್ಯೆಯ ವಿರುದ್ಧ ಊರಿನ ದನಿಯಾದವರಲ್ಲಿ ವಾರೆನ್ ಪ್ರಮುಖರು. ಲಾಡ್ಜ್‌ನ ನಂಟು ಬೇರೆ, ರಾಜಕೀಯದ ನಿಲುವು ಬೇರೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಪುರಾವೆ ನನಗೆ ಬೇರೊಂದು ಕಾಣುವುದಿಲ್ಲ.

ಇನ್ನು ಚಹಾದ ವಿಷಯ. ಗ್ರೀನ್ ಡ್ರ್ಯಾಗನ್ನಿನಲ್ಲಿ ಲಾಡ್ಜ್ ಮಾತ್ರವಲ್ಲದೆ ನಾರ್ತ್ ಎಂಡ್ ಕಾಕಸ್ ಎಂಬ ರಾಜಕೀಯ ಕೂಟವೂ ಸೇರುತ್ತಿತ್ತು. ವಾರೆನ್ ಮತ್ತು ರಿವಿಯರ್ ಎರಡರಲ್ಲೂ ಇದ್ದರು. ಆದರೆ ಚಳವಳಿಯ ಮುಂದಾಳು ಸ್ಯಾಮ್ಯುಯೆಲ್ ಆಡಮ್ಸ್ ಮೇಸನ್ ಆಗಿದ್ದರೆಂಬುದಕ್ಕೆ ಆಧಾರವಿಲ್ಲ. 1773ರ ನವೆಂಬರ್ 30 ಲಾಡ್ಜ್‌ನ ಹಬ್ಬದ ದಿನ. ಅಂದು ಬಂದವರು ತೀರ ಕಡಿಮೆಯಾದ್ದರಿಂದ ಸಭೆಯನ್ನು ಮುಂದೂಡಿ, ಚಹಾ ತರಿಸಿಕೊಂಡ ವ್ಯಾಪಾರಿಗಳ ವಿಷಯವೇ ಸಹೋದರರ ಸಮಯವನ್ನೆಲ್ಲ ತೆಗೆದುಕೊಂಡಿತೆಂದು ನಡವಳಿ ಪುಸ್ತಕದಲ್ಲಿ ಬರೆಯಲಾಯಿತು. ಡಿಸೆಂಬರ್ 16ರಂದು, ಅಂದರೆ 340ಕ್ಕೂ ಹೆಚ್ಚು ಪೆಟ್ಟಿಗೆಗಳು ನೀರು ಸೇರಿದ ರಾತ್ರಿಯೇ, ಮತ್ತೆ ಬಂದವರು ಕೆಲವೇ ಮಂದಿ, ಮತ್ತೆ ಸಭೆ ಮುಗಿಸಬೇಕಾಯಿತು. ಈ ನಡವಳಿಯನ್ನು ಸಂಚಿನ ಸಾಕ್ಷಿಯೆಂದು ಓದುವವರಿದ್ದಾರೆ. ನನಗೆ ಅದರ ಅರ್ಥ ತಿರುವುಮುರುವಾಗಿ ಕಾಣುತ್ತದೆ: ಸದಸ್ಯರು ಲಾಡ್ಜ್ ಬಿಟ್ಟು ಊರಿನ ಸಾವಿರಾರು ಜನರೊಡನೆ ಬೀದಿಗೂ ಸಭಾಮಂದಿರಕ್ಕೂ ಹೋಗಿದ್ದರು.

ಮೂರು ಚಹಾ ಹಡಗುಗಳಲ್ಲಿ ಒಂದಾದ ‘ಎಲೀನರ್’ನ ಮಾಲೀಕರಲ್ಲಿ ಒಬ್ಬರು ಜಾನ್ ರೋ ಎಂಬ ಶ್ರೀಮಂತ ವರ್ತಕ. ಅವರೇ ಆಗ ಸೇಂಟ್ ಜಾನ್ಸ್ ಬಣದ ಗ್ರ್ಯಾಂಡ್ ಮಾಸ್ಟರ್! ಒಂದು ಬಣದ ಮುಖ್ಯಸ್ಥರ ಹಡಗಿನಿಂದ ಇನ್ನೊಂದು ಬಣದ ಸದಸ್ಯರು ಚಹಾ ಎಸೆದದ್ದನ್ನು ಮೇಸನ್ ಸಂಘದ ಯೋಜನೆ ಎನ್ನುವುದು ಹೇಗೆ?

1775ರ ಜೂನ್ 17ರಂದು ಬ್ರಿಟಿಷರ ವಿರುದ್ಧ ನಡೆದ ಬಂಕರ್ ಹಿಲ್ ಕಾಳಗದಲ್ಲಿ ವಾರೆನ್ ಮಡಿದರು. ಮರುವರ್ಷ ಬ್ರಿಟಿಷರು ಊರು ಬಿಟ್ಟ ಮೇಲೆ ಹೂತಿದ್ದ ಶವವನ್ನು ಹೊರತೆಗೆದಾಗ, ತಾವು ಕಟ್ಟಿಕೊಟ್ಟಿದ್ದ ಕೃತಕ ಹಲ್ಲಿನಿಂದ ಅದನ್ನು ಗುರುತಿಸಿದವರು ರಿವಿಯರ್. 1776ರ ಏಪ್ರಿಲ್ 8ರಂದು ಮೇಸನ್ ಗೌರವಗಳೊಡನೆ ಶವಸಂಸ್ಕಾರ ನಡೆಯಿತು. ರೋ ಅವರೂ ಆಹ್ವಾನದ ಮೇರೆಗೆ, ತಮ್ಮ ಬಣದ ಲಾಡ್ಜ್‌ಗಳೊಡನೆ ಮೆರವಣಿಗೆಯಲ್ಲಿ ನಡೆಯಲೆಂದು ಬಂದರು. ಅಲ್ಲಿ ಕೆಲವರು ಸಿಟ್ಟಿನಿಂದ ತಮ್ಮನ್ನು ಅವಮಾನಿಸಿದರೆಂದು ಅವರೇ ದಿನಚರಿಯಲ್ಲಿ ನೋವಿನಿಂದ ಬರೆದುಕೊಂಡಿದ್ದಾರೆ. 1777ರ ಮಾರ್ಚ್ 8ರಂದು ವಾರೆನ್ ಬಣದವರು ಸ್ಕಾಟ್ಲೆಂಡಿನ ಅನುಮತಿಗೆ ಕಾಯದೆ ಜೋಸೆಫ್ ವೆಬ್ ಅವರನ್ನು ತಾವೇ ಗ್ರ್ಯಾಂಡ್ ಮಾಸ್ಟರ್ ಆಗಿ ಆರಿಸಿಕೊಂಡರು. ಎರಡು ಬಣಗಳು ಒಂದಾದದ್ದು 1792ರಲ್ಲಿ.

ನಿಮ್ಮ ಕೊನೆಯ ಪ್ರಶ್ನೆಗೆ ಉತ್ತರವೂ ಈ ಸನ್ನದಿನ ಕಥೆಯಲ್ಲೇ ಇದೆ, ಮತ್ತು ನನ್ನ ಮಟ್ಟಿಗೆ ಇದರ ಅತ್ಯಂತ ಘನವಾದ ಅಧ್ಯಾಯ ಅದು. ಪ್ರಿನ್ಸ್ ಹಾಲ್ ಎಂಬ ಸ್ವತಂತ್ರ ಕಪ್ಪು ನಾಗರಿಕರೂ ಅವರ 14 ಸಂಗಡಿಗರೂ 1775ರ ಮಾರ್ಚ್ 6ರಂದು ದೀಕ್ಷೆ ಪಡೆದರೆಂದು ಪರಂಪರೆ ಹೇಳುತ್ತದೆ. ದೀಕ್ಷೆ ಕೊಟ್ಟದ್ದು ಬಾಸ್ಟನ್ನಿನ ಎರಡೂ ಬಣಗಳಲ್ಲ. ಬ್ರಿಟಿಷ್ ಸೇನೆಯ 38ನೆಯ ರೆಜಿಮೆಂಟಿನೊಡನಿದ್ದ, ಐರ್ಲೆಂಡಿನ ಸನ್ನದಿನ 441ನೆಯ ಲಾಡ್ಜ್. ಸೇನೆ ಊರು ಬಿಟ್ಟ ಮೇಲೆ ಇವರು ಆಫ್ರಿಕನ್ ಲಾಡ್ಜ್ ಕಟ್ಟಿಕೊಂಡರು. ಸಂತ ಜಾನ್ ಹಬ್ಬದಂದು ಮೆರವಣಿಗೆ ನಡೆಸಲು, ತಮ್ಮವರ ಶವಸಂಸ್ಕಾರ ಮಾಡಲು ಮಾತ್ರ ಅವರಿಗೆ ಅನುಮತಿ ಸಿಕ್ಕಿತ್ತು. ಅದನ್ನು ಕೊಟ್ಟವರು ಅದೇ ಜಾನ್ ರೋ ಎಂದು ಹಾಲ್ 1784ರಲ್ಲಿ ಲಂಡನ್ನಿಗೆ ಬರೆದ ಪತ್ರದಲ್ಲಿ ತಿಳಿಸಿದ್ದಾರೆ. ಸುಮಾರು ಎಂಟು ವರ್ಷಗಳಿಂದ ಲಾಡ್ಜ್ ನಡೆಸುತ್ತಿದ್ದರೂ ಸನ್ನದಿಲ್ಲವೆಂದು ಆ ಪತ್ರದಲ್ಲಿ ಅವರು ಕೇಳಿಕೊಂಡರು. ದೇಶ ಸ್ವತಂತ್ರವಾದ ಮೇಲೂ ಬಾಸ್ಟನ್ನಿನ ಕಪ್ಪು ಮೇಸನ್ನರು ಮಾನ್ಯತೆಗಾಗಿ ಬ್ರಿಟಿಷರ ರಾಜಧಾನಿಯಾದ ಲಂಡನ್ನನ್ನೇ ಬೇಡಬೇಕಾಯಿತು. 1784ರ ಸೆಪ್ಟೆಂಬರ್ 29ರ ದಿನಾಂಕದ ಸನ್ನದು ಅವರ ಕೈಸೇರಿದ್ದು 1787ರಲ್ಲಿ.

ಆ ಲಾಡ್ಜ್ ಮೆರವಣಿಗೆಗಷ್ಟೇ ಸೀಮಿತವಾಗಿರಲಿಲ್ಲ. 1777ರಲ್ಲೇ ಹಾಲ್ ಮತ್ತು ಇತರರು ಗುಲಾಮಗಿರಿಯನ್ನು ತೊಡೆದುಹಾಕಬೇಕೆಂದು ಮ್ಯಾಸಚೂಸೆಟ್ಸ್ ಶಾಸನಸಭೆಗೆ ಮನವಿ ಕೊಟ್ಟಿದ್ದರು. 1788ರಲ್ಲಿ ಬಾಸ್ಟನ್ನಿನ ಮೂವರು ಸ್ವತಂತ್ರ ಕಪ್ಪು ಜನರನ್ನು ಮೋಸದಿಂದ ಹಡಗಿಗೆ ಹತ್ತಿಸಿ ವೆಸ್ಟ್ ಇಂಡೀಸ್‌ಗೆ ಸಾಗಿಸಿದಾಗ, ಹಾಲ್ ಅವರೂ ಅವರ ಸಂಗಡಿಗರೂ ಮತ್ತೆ ಶಾಸನಸಭೆಯ ಬಾಗಿಲು ತಟ್ಟಿದರು. ಆ ಮಾರ್ಚ್‌ನಲ್ಲಿ ಮ್ಯಾಸಚೂಸೆಟ್ಸ್ ಗುಲಾಮರ ವ್ಯಾಪಾರವನ್ನು ನಿಷೇಧಿಸುವ ಕಾಯಿದೆ ಮಾಡಿತು. ಆ ಮೂವರೂ ಬಾಸ್ಟನ್ನಿಗೆ ಮರಳಿದರು.